ಹಲ್ಲಿನ ಸಂದಿಯಲ್ಲೂ ಕನ್ನಡಿ ಇದೆಯಾ? ಪ್ರೂಫ್ ನಾಣ್ಯ ಗುರುತಿಸಲು ನಾನು ಕಲಿತ ಬಗೆ

ನಾನು ಮೋಸ ಹೋದ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ. 1887ರ ಬೆಳ್ಳಿ ಕ್ರೌನ್, ಅಂದರೆ ಬ್ರಿಟನ್ನಿನ ಹಳೆಯ ಐದು ಶಿಲಿಂಗ್ ನಾಣ್ಯ. ಒಂದು ಕಡೆ ಆಟಿಕೆಯಂಥ ಪುಟ್ಟ ಕಿರೀಟ ಇಟ್ಟುಕೊಂಡ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ ಕುದುರೆ ಏರಿ ಡ್ರ್ಯಾಗನ್ ಮೇಲೆ ಎರಗಿದ ಸೇಂಟ್ ಜಾರ್ಜ್. ಮಾರಿದವರು ಪ್ರೂಫ್ ಅಂದರು, ಅಂದರೆ ಸಾಮಾನ್ಯವಾಗಿ ಕನ್ನಡಿಯಂತೆ ಹೊಳೆಯುವ, ವಿಶೇಷವಾಗಿ ಅಚ್ಚು ಹೊಡೆದ ನಾಣ್ಯ. ರಾಣಿಯ ಮುಖದ ಮುಂದಿನ ಖಾಲಿ ಜಾಗದಲ್ಲಿ ನನ್ನ ಮೂಗು ಕಾಣುತ್ತಿತ್ತು. ಇನ್ನೇನು ಬೇಕು? ಕೇಳಿದಷ್ಟು ಕೊಟ್ಟು ಬಂದೆ. ಆಗಷ್ಟೇ ಇಂಗ್ಲೆಂಡಿಗೆ ಬಂದಿದ್ದೆ, ಹುಚ್ಚೂ ಹೊಸದು.

ಎರಡು ತಿಂಗಳ ಮೇಲೆ ಒಂದು ನಾಣ್ಯ ಮೇಳದಲ್ಲಿ ಅದನ್ನು ವಯಸ್ಸಾದ ವ್ಯಾಪಾರಿಯೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ದೀಪದ ಕೆಳಗೆ ಎರಡು ಸಲ ಓರೆ ಮಾಡಿ, "ಯಾರೋ ಚೆನ್ನಾಗಿ ತಿಕ್ಕಿದ್ದಾರೆ" ಎಂದು ವಾಪಸ್ ಕೊಟ್ಟರು. ಅಷ್ಟೇ.

ಹಬ್ಬದ ಹಿಂದಿನ ದಿನ ನಮ್ಮಮ್ಮ ಬೆಳ್ಳಿ ದೀಪಗಳಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದರು. ದೀಪ ಫಳಫಳ ಅನ್ನುತ್ತಿತ್ತು, ಆದರೆ ಕೆತ್ತನೆಯ ಮೂಲೆಗಳಲ್ಲಿ ಬಿಳೀ ಪುಡಿ ಉಳಿದೇ ಉಳಿಯುತ್ತಿತ್ತು. ಮನೆಗೆ ಬಂದು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದರೆ ನನ್ನ ಕ್ರೌನಿನದ್ದೂ ಅದೇ ಕಥೆ. ಅಕ್ಷರಗಳ ಬುಡದಲ್ಲಿ ಬಿಳೀ ಪುಡಿ.

ಪ್ರೂಫ್ ಅಂದರೆ ಸವೆಯದ ನಾಣ್ಯ ಅಂತಲ್ಲ, ಬೇರೆ ರೀತಿ ಹೊಡೆದ ನಾಣ್ಯ. ಅಚ್ಚನ್ನೂ, ನಾಣ್ಯವಾಗಬೇಕಾದ ಲೋಹದ ಬಿಲ್ಲೆಯನ್ನೂ ಮೊದಲೇ ಉಜ್ಜಿ ನುಣುಪು ಮಾಡಿ, ನಿಧಾನವಾಗಿ, ಜಾಸ್ತಿ ಒತ್ತಡದಲ್ಲಿ ಹೊಡೆಯುತ್ತಾರೆ. ಲೋಹ ಅದೇ, ತೂಕವೂ ಅದೇ. ಕ್ರೌನ್ ಆದರೆ ಪ್ರೂಫೂ ಸಾಮಾನ್ಯದ್ದೂ ಎರಡೂ 28.28 ಗ್ರಾಂ, ಬೆಳ್ಳಿ ಶೇ. 92.5. ಹಾಗಾಗಿ ತಕ್ಕಡಿಯಿಂದ ಇಲ್ಲಿ ಉಪಯೋಗವಿಲ್ಲ. 1887ರಲ್ಲಿ ಪ್ರೂಫ್ ಕ್ರೌನ್ ಹೊಡೆದದ್ದು 1,084 ಮಾತ್ರ, ಸಾಮಾನ್ಯದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು. ತಿಕ್ಕುವ ಆಸೆ ಯಾಕೆ ಹುಟ್ಟುತ್ತದೆ ಅಂತ ಗೊತ್ತಾಯಿತಲ್ವಾ.

ನಾನೀಗ ಮೊದಲು ನೋಡುವುದು ಬಟ್ಟೆ ಹೋಗದ ಜಾಗ. ಅಂಚಿನ ಒಳಗೆ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಆ ಹಲ್ಲುಗಳ ಸಂದಿ, ಆಮೇಲೆ ಹೆಸರಿನಲ್ಲಿರುವ 'ಆರ್' ಅಕ್ಷರದ ಹೊಟ್ಟೆಯೊಳಗಿನ ಚೂರು ಜಾಗ. ಪ್ರೂಫ್ ಆದರೆ ಅಲ್ಲೂ ಕನ್ನಡಿಯೇ, ಯಾಕೆಂದರೆ ಹೊಳಪು ಅಚ್ಚಿನಿಂದಲೇ ಬಂದದ್ದು. ನನ್ನದರಲ್ಲಿ ಬಯಲು, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗ, ಮಾತ್ರ ಹೊಳೆಯುತ್ತದೆ, ಸಂದಿಗಳು ಮಂಕು.

ಇನ್ನೊಂದು, ಗೀರುಗಳು. ಇದಕ್ಕೆ ಒಂದೇ ಬಲ್ಬಿನ ಮೇಜುದೀಪ ಬೇಕು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲಾ ನಾಣ್ಯವೂ ಚೆನ್ನಾಗೇ ಕಾಣುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತೇನೆ. ನಾಣ್ಯದ ಬಯಲು ಅಚ್ಚಿನಲ್ಲಿ ಉಬ್ಬಿದ ಭಾಗ, ಅಕ್ಷರಗಳು ತಗ್ಗು. ಅಚ್ಚು ಉಜ್ಜಿದಾಗ ಬಿದ್ದ ಗೀರು ನಾಣ್ಯದ ಮೇಲೆ ಎದ್ದ ಗೆರೆಯಾಗಿ ಬರುತ್ತದೆ. ಬಯಲಿನಲ್ಲಿ ಓಡಿ, ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ. ಬಟ್ಟೆಯ ಗೀರು ಹಾಗಲ್ಲ. ಅದು ತಗ್ಗು. ಅಕ್ಷರ ಹತ್ತಿ, ರಾಣಿಯ ಕೆನ್ನೆ ದಾಟಿ, ಆ ಕಡೆ ಇಳಿದು ಹೋಗುತ್ತದೆ. ನನ್ನ ಕ್ರೌನಿನಲ್ಲಿ ಕಿವಿಯಿಂದ ಮೂಗಿನವರೆಗೆ ಒಂದೇ ಸಮನೆ ಬಾಚಿದ ಹಾಗಿದೆ.

ನಿಜವಾಗಿ ತಲೆ ಕೆಡಿಸುವುದು ಮೂರನೇ ಜಾತಿ. ಹೊಸ ಅಚ್ಚಿನಿಂದ ಬಂದ ಮೊದಲ ಕೆಲವು ಸಾಮಾನ್ಯ ನಾಣ್ಯಗಳೂ ಕನ್ನಡಿಯಂತೆ ಇರುತ್ತವೆ, ಹಲ್ಲಿನ ಸಂದಿಯೂ ಸೇರಿ. 1887 ಹೊಸ ವಿನ್ಯಾಸದ ಮೊದಲ ವರ್ಷ, ಹಾಗಾಗಿ ಇಂಥವು ಧಾರಾಳ. ಆಗ ಅಂಚು ನೋಡಬೇಕು. ಪ್ರೂಫಿನ ಅಂಚು ಹೊಸ ಮರದ ಸ್ಕೇಲಿನ ಹಾಗೆ ಚೌಕ, ಕೆಲವೊಮ್ಮೆ ತುದಿಯಲ್ಲಿ ಕೂದಲೆಳೆಯಷ್ಟು ಲೋಹ ಎದ್ದಿರುತ್ತದೆ. ಸಾಮಾನ್ಯದ್ದು ಸ್ವಲ್ಪ ದುಂಡು. ಒಂದನ್ನೇ ನೋಡಿದರೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಖಚಿತವಾದ ಪ್ರೂಫ್ ಇಟ್ಟುಕೊಂಡೇ ನೋಡಬೇಕು. ಅಷ್ಟಾದರೂ ಅನುಮಾನ ಉಳಿದರೆ ನಾನು ಸಾಮಾನ್ಯ ನಾಣ್ಯದ ಬೆಲೆಯನ್ನೇ ಹೇಳುತ್ತೇನೆ. ಕೊಟ್ಟರೆ ಕೊಡಲಿ.

ಕೆಲವು ವರ್ಷಗಳಲ್ಲಿ ಈ ಕಷ್ಟವೇ ಇಲ್ಲ. 1927ರ, ಹೂಮಾಲೆಯ ಚಿತ್ರವಿರುವ ಕ್ರೌನ್ ಹೊಡೆದದ್ದೇ ಪ್ರೂಫ್ ಆಗಿ, ಒಟ್ಟು 15,030 ನಾಣ್ಯ. ಯಾರೋ ಜೇಬಲ್ಲಿಟ್ಟು ಸವೆಸಿದ್ದರೂ ಅದು ಪ್ರೂಫೇ.

1902ರದ್ದು ಮಾತ್ರ ಪೂರಾ ಉಲ್ಟಾ. ಏಳನೇ ಎಡ್ವರ್ಡ್ ಪಟ್ಟಾಭಿಷೇಕದ ವರ್ಷದ ಪ್ರೂಫ್‌ಗಳಿಗೆ ಹೊಳಪೇ ಇಲ್ಲ, ಬೇಕೆಂದೇ ಮಂಕು ಮಾಡಿದ್ದು. ಸಾಮಾನ್ಯ ಕ್ರೌನ್ ಹೊಸದಾಗಿದ್ದರೆ ಓರೆ ಮಾಡಿದಾಗ ಬೆಳಕು ಗಾಡಿಚಕ್ರದ ಹಾಗೆ ತಿರುಗುತ್ತದೆ. ಮಂಕು ಪ್ರೂಫಿನಲ್ಲಿ ಏನೂ ತಿರುಗುವುದಿಲ್ಲ. ಲೂಪಿನಲ್ಲಿ ಬಯಲು, ಮುಖ, ಅಕ್ಷರ ಎಲ್ಲಾ ಕಡೆ ಒಂದೇ ಥರ ಸಣ್ಣ ರವೆ. ಸಾಮಾನ್ಯ ನಾಣ್ಯಕ್ಕೆ ಮರಳು ಊದಿ ಇದನ್ನು ನಕಲು ಮಾಡುವವರೂ ಇದ್ದಾರೆ, ಆದರೆ ಮರಳು ಬಿದ್ದರೆ ಅಕ್ಷರದ ಮೂಲೆಗಳು ಕರಗಿದ ಹಾಗಾಗುತ್ತವೆ. ಅಸಲಿಯಲ್ಲಿ ಮೂಲೆ ಚೂಪು.

ನನಗೆ ಅಂಥ ಅಸಲಿ ಮಂಕು ಪ್ರೂಫೊಂದು ಮೇಳದ ಚಿಲ್ಲರೆ ಡಬ್ಬಿಯಲ್ಲಿ ಸಿಕ್ಕಿತು. ಹೊಳಪಿಲ್ಲ ಅಂತ ಕಡಿಮೆಗೆ ಹಾಕಿದ್ದರು. ಮೂಲೆಗಳನ್ನು ಮೂರು ಸಲ ನೋಡಿ, ಚೌಕಾಸಿ ಮಾಡದೆ ತಂದೆ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಮೇಜಿನ ಮೇಲೆ ಎರಡೂ ಕ್ರೌನ್ ಅಕ್ಕಪಕ್ಕ ಇದ್ದವು. ತಿಕ್ಕಿದ್ದನ್ನು ನೋಡಿ ಖುಷಿಪಟ್ಟರು. ಆಮೇಲೆ 1902ರದ್ದನ್ನು ಕೈಗೆತ್ತಿಕೊಂಡು, "ಇದೊಂದನ್ನ ಯಾಕೋ ಹಾಗೇ ಬಿಟ್ಟಿದೀಯಾ? ಒಂಚೂರು ವಿಭೂತಿ ಕೊಡು, ತಿಕ್ಕಿ ಕೊಡ್ತೀನಿ" ಅಂದರು. ಅವತ್ತೇ ಅದನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ.