ತಂತಿಗೆ ಚುಚ್ಚಿಟ್ಟ ಚೀಟಿಗಳು

ಅಪ್ಪ ತೀರಿಕೊಂಡ ಮೇಲೆ ಅವನ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿ, ವರ್ಷದ ಕಾರ್ಯಕ್ಕೆ ಬಂದವರಿಗೆ ಹಂಚಬೇಕು ಅನ್ನಿಸಿತು. ಸೇಡಂ ತಾಲೂಕಿನ ನಮ್ಮೂರಲ್ಲಿ ಅವನು ಎಲ್ಲರಿಗೂ ‘ಮಿಲ್ಟ್ರಿ ಮುತ್ಯಾ’. ಎರಡು ವಾರದ ಕೆಲಸ ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಮೊದಲು ಹೋದಲ್ಲೆಲ್ಲ ‘ಅಪ್ಪ ಹೆಂಗಿದ್ದ?’ ಅಂತ ಕೇಳಿದೆ. ‘ದೇವರಂಥ ಮನುಷ್ಯಾ ನೋಡಪಾ’ ಅಂದರು, ಚಹಾ ಕೊಟ್ಟರು. ಅಷ್ಟೇ. ದೇವರ ಬಗ್ಗೆ ಇಪ್ಪತ್ತು ಪುಟ ಬರೆಯೋದು ಹೇಗೆ?

ಆಮೇಲೆ ಅವನ ಕರಿ ಟ್ರಂಕನ್ನು ಹೊರಗಿನ ಪರಸಿ ಕಟ್ಟೆ ಮೇಲೆ ಇಟ್ಟು, ಹಿರಿಯರು ಕೂತಿದ್ದಾಗಲೇ ಬೀಗ ತೆಗೆದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಮಗ್ಗು, ಕಂಬಳಿ, ಪದಕಗಳು ಒಂದೊಂದೇ ಹೊರಗೆ ಬಂದ ಹಾಗೆ ಮಾತೂ ಬಂತು. ಮೊಬೈಲ್ ರೆಕಾರ್ಡಿಂಗ್ ಹಾಕಿ ಸುಮ್ನೆ ಕೂತೆ.

ಕಾಕಾ ಹೇಳಿದ್ದು: ‘ನಿಮ್ಮಪ್ಪ ಲಾಹೋರ್ ತನಕಾ ಹೋಗಿದ್ದ.’ ಊರೆಲ್ಲ ನಂಬಿದ ಕಥೆ ಅದು. ನಾನೂ ಶಾಲೆಯಲ್ಲಿ ಅದನ್ನೇ ಹೇಳಿ ಮೆರೆದಿದ್ದೆ. ಲಾಹೋರ್ ಹತ್ತಿರದ ತನಕ ನಮ್ಮ ಸೈನ್ಯ ಹೋಗಿದ್ದು 1965ರ ಯುದ್ಧದಲ್ಲಿ. ಆದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಅಪ್ಪ ಭರ್ತಿಯಾದ ವರ್ಷ 1968, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಪದಕಗಳ ಸಾಲಿನಲ್ಲಿ ‘ಪೂರ್ವಿ ಸ್ಟಾರ್’. 1971ರ ಯುದ್ಧದಲ್ಲಿ ಪಶ್ಚಿಮದ ಕಡೆ ಇದ್ದವರಿಗೆ ‘ಪಶ್ಚಿಮಿ ಸ್ಟಾರ್’, ಪೂರ್ವದ ಕಡೆ ಇದ್ದವರಿಗೆ ಇದು. ಅಂದರೆ ಅವನಿದ್ದದ್ದು ಈಗಿನ ಬಾಂಗ್ಲಾದೇಶದ ಕಡೆ. ಎಲ್ಲಿ ನೋಡಿದರೂ ಹೊಳೆ ಇರುವ ನಾಡು. ಅಪ್ಪನಂಥ ಸ್ಯಾಪರ್‌ಗಳಿಗೆ, ಅಂದರೆ ಸೈನ್ಯದ ಎಂಜಿನಿಯರ್ ದಳದವರಿಗೆ, ಸೇತುವೆ ಹಾಕುವ, ಮೈನ್ ತೆಗೆಯುವ ಕೆಲಸ. ಆಗ ನೆನಪಾಯಿತು. ಮಳಖೇಡದ ಹತ್ತಿರ ಬಸ್ಸು ಕಾಗಿಣಾ ಸೇತುವೆ ದಾಟುವಾಗ ಅಪ್ಪ ಯಾವತ್ತೂ ಮಾತು ನಿಲ್ಲಿಸಿ ಕೆಳಗೆ ನೋಡುತ್ತಿದ್ದ. ಯಾಕೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ.

ಲಾಹೋರ್ ತೆಗೆದುಹಾಕಿದ್ದಕ್ಕೆ ಕಾಕಾ ಎಂಟು ದಿನ ಮಾತು ಬಿಟ್ಟ.

ಆದರೆ ಪುಸ್ತಕ ಸಿಕ್ಕಿದ್ದು ಟ್ರಂಕಿನಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಮನಿ ಆರ್ಡರ್ ಬಂದಾಗ ಹಣದ ಜೊತೆ ಒಂದು ತುಂಡು ಚೀಟಿ ಬರುತ್ತಿತ್ತಲ್ಲ, ಎರಡು ಮಾತು ಬರೆಯುವಷ್ಟು ಜಾಗ ಇರುವುದು? ಅವನ್ನೆಲ್ಲ ಅವ್ವ ತಂತಿಗೆ ಚುಚ್ಚಿ ಗೂಟಕ್ಕೆ ನೇತುಹಾಕಿದ್ದಳು. ಹೊಗೆ ಹಿಡಿದು ಚಹಾದ ಬಣ್ಣಕ್ಕೆ ತಿರುಗಿದ್ದವು. ಅಂಚೆ ಮುದ್ರೆಯ ತಾರೀಕು ನೋಡಿ ನೆಲದ ಮೇಲೆ ಸಾಲಾಗಿ ಜೋಡಿಸಿದೆ. 1971ರ ಡಿಸೆಂಬರಿಗೆ ಒಂದೂ ಇಲ್ಲ. 1972ಕ್ಕೆ ಹನ್ನೊಂದು! ಎಪ್ಪತ್ತೆರಡರ ಬರ. ‘ಜೋಳ ತುಟ್ಟಿ ಆಗುವ ಮುಂಚೆ ಕೊಂಡು ಹಾಕು.’ ‘ಎತ್ತು ಮಾರಬೇಡ, ಕಣಕಿಗೆ ರೊಕ್ಕ ಕಳಿಸೀನಿ.’ ‘ತಂಗಿ ಮದುವೆಗೆ ನನ್ನ ದಾರಿ ನೋಡಬೇಡ್ರಿ.’ ಸಂಬಳದಲ್ಲಿ ತನಗೆ ಎಷ್ಟು ಉಳಿಸಿಕೊಂಡನೋ! ಯುದ್ಧಕ್ಕೆ ಎರಡು ಪುಟ ಸಾಕಾಯಿತು, ಬರಗಾಲಕ್ಕೆ ಒಂಬತ್ತು ಬೇಕಾಯಿತು. 1985ರಲ್ಲಿ ಊರಿಗೆ ಬಂದು ಬ್ಯಾಂಕಿನ ಗನ್‌ಮ್ಯಾನ್ ಆದದ್ದು, ತೊಗರಿ ಬೆಳೆದದ್ದು, ಇದೆಲ್ಲ ಊರಿಗೇ ಗೊತ್ತು. ಬೇಗ ಮುಗಿಸಿದೆ.

ಅಚ್ಚಿಗೆ ಕೊಡುವವರಿಗೆ ಒಂದು ಮಾತು. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ, ಪ್ರೆಸ್ಸಿನವರು ಅದನ್ನು ‘ನುಡಿ’ ತಂತ್ರಾಂಶದ ಫಾಂಟಿಗೆ ಬದಲಿಸಿದರು. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮುಖಪುಟದಲ್ಲೇ ಅಪ್ಪನ ಹೆಸರು ತಪ್ಪು. ನೂರು ಪ್ರತಿ ಮತ್ತೆ ಹಾಕಿಸಬೇಕಾಯಿತು. ಪ್ರೂಫನ್ನು ಕಾಗದದ ಮೇಲೆ ನೋಡದೆ ಒಪ್ಪಬೇಡಿ.

ಅಚ್ಚಿಗೆ ಮುಂಚೆ ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಅವಳಿಗೆ ಓದು ಬರಲ್ಲ. ಆ ಚೀಟಿಗಳನ್ನೂ ಅವತ್ತು ಓದಿ ಹೇಳುತ್ತಿದ್ದದ್ದು ಸಾಲಿ ಮಾಸ್ತರು, ಮಂದಿಯ ನಡುವೆ. ಕೆಲವು ಚೀಟಿಗಳ ಮೂಲೆಯಲ್ಲಿ ಪೆನ್ನಿಂದ ಬರೆದ ಸಣ್ಣ ಸೊನ್ನೆ ಇತ್ತು. ಅಂಚೆಯವರ ಗುರುತು ಇರಬೇಕು ಅಂದುಕೊಂಡಿದ್ದೆ.

‘ಇದೇನವ್ವಾ?’

ಅವ್ವ ಚೀಟಿ ಕಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ‘ಅದು ಮಾಸ್ತರಿಗೂ ತಿಳೀಲಿಲ್ಲ. ನಿನಗ್ಯಾಕ ಬೇಕು? ಮುಂದ ಓದು.’

ಮುಂದೆ ಓದಿದೆ.