ಕೊಡೆ ಬಟ್ಟೆಯ ರೆಕ್ಕೆ, 390 ಗ್ರಾಂನ ಎಕ್ಸ್-ಏರ್

"ಬಟ್ಟೆ ರೆಕ್ಕೆ ಗಾಳಿಪಟಕ್ಕೆ ಸರಿ, ವಿಮಾನಕ್ಕಲ್ಲ" ಅಂತ ನನ್ನ ಜೊತೆ ರಿಮೋಟ್‌ನ ಪುಟ್ಟ ಮಾದರಿ ವಿಮಾನ ಹಾರಿಸುವವರೆಲ್ಲ ಒಂದೂವರೆ ವರ್ಷ ರೇಗಿಸಿದರು. ಹೋದ ಫೆಬ್ರವರಿಯಿಂದ ಈಚೆಗೆ ಅದೇ ರೆಕ್ಕೆ 40 ಸಲಕ್ಕೂ ಜಾಸ್ತಿ ಹಾರಿದೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಾನು ಮಾಡಿದ್ದು ಎಕ್ಸ್-ಏರ್‌ನ ಮಾದರಿ. ನಿಜವಾದದ್ದು ಬೆಂಗಳೂರಿನ ರಾಜ್‌ಹಂಸ ಅಲ್ಟ್ರಾಲೈಟ್ಸ್‌ನವರ ಎರಡು ಸೀಟಿನ ವಿಮಾನ. ಅಲ್ಯೂಮಿನಿಯಂ ಕೊಳವೆಗಳು, ಅದರ ಮೇಲೆ ಡೇಕ್ರಾನ್ ಬಟ್ಟೆಯ ಗೌಸು, ರೆಕ್ಕೆಯ ಮುಂದೆ ಎತ್ತರದಲ್ಲಿ ಕೂತಿರುವ ಎಂಜಿನ್. ರೆಕ್ಕೆ ತುದಿಯಿಂದ ತುದಿಗೆ ಹತ್ತಿರ ಹತ್ತಿರ 10 ಮೀಟರ್. ನಾನು ಹತ್ತಕ್ಕೆ ಒಂದರ ಅಳತೆ ಹಿಡಿದೆ. ಡೆಪ್ರಾನ್ ಅನ್ನುವ ತೆಳು ಫೋಮ್ ಹಾಳೆಯಲ್ಲಿ ಮಾಡಿದ್ದರೆ ಎರಡು ಭಾನುವಾರದ ಕೆಲಸ. ಆದರೆ ಅದು ಬಣ್ಣ ಬಳಿದ ಥರ್ಮಾಕೋಲ್ ಆಗುತ್ತಿತ್ತು, ಎಕ್ಸ್-ಏರ್ ಆಗುತ್ತಿರಲಿಲ್ಲ.

ಮೊದಲ ರೆಕ್ಕೆಗೆ ಡೆಪ್ರಾನ್ ಪಕ್ಕೆಲುಬು, ಮೇಲೆ ಕೆಳಗೆ ಎರಡೂ ಕಡೆ ಕೊಡೆ ಬಟ್ಟೆ. ಬಿಗಿ ಬರಲಿ ಅಂತ ಇಸ್ತ್ರಿ ಪೆಟ್ಟಿಗೆ ಆಡಿಸಿದೆ. ಬಿಗಿಯೇನೋ ಬಂತು, ಜೊತೆಗೆ ಬಲರೆಕ್ಕೆಯ ತುದಿ ತಿರುಚಿಕೊಂಡಿತು. ಮೇಜಿನ ಮೇಲಿಟ್ಟು ನೋಡಿದರೆ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ. ಇಷ್ಟಕ್ಕೇನಾಗುತ್ತೆ, ರಿಮೋಟ್‌ನ ಟ್ರಿಮ್ ಗುಂಡಿ ಒತ್ತಿ ಸರಿ ಮಾಡೋಣ ಅಂದುಕೊಂಡೆ. ಕೈಯಿಂದ ಬಿಟ್ಟ ಎರಡನೇ ಸೆಕೆಂಡಿಗೆ ಬಲಕ್ಕೆ ಮಗುಚಿ ಮೂಗು ನೆಲಕ್ಕೆ. ಮೋಟಾರ್ ಶಾಫ್ಟ್ ಬಾಗಿತು, ಎರಡು ಸರ್ವೋಗಳ (ಬಾಲ, ರೆಕ್ಕೆಯ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರ್) ಹಲ್ಲು ಹೋಯಿತು. ಸುಮಾರು 900 ರೂಪಾಯಿ ಮಣ್ಣುಪಾಲು.

ಮಧ್ಯೆ ಇನ್ನೊಂದು ಹುಚ್ಚು. ಅಪ್ಪನ ಹಳೇ ಪಂಚೆಗೆ ಗಂಜಿ ಹಾಕಿ ರೆಕ್ಕೆಗೆ ಎಳೆದು ಕಟ್ಟಿದೆ. ಒಣಗಿದ ಮೇಲೆ ತಮಟೆ ಹಾಗೆ ಸದ್ದು ಬರುತ್ತಿತ್ತು, ನಿಜಕ್ಕೂ ಖುಷಿಯಾಯಿತು. ಡಿಸೆಂಬರ್ ಬೆಳಗ್ಗೆ ಆರೂವರೆಗೆ ಕೆರೆ ಅಂಗಳದಲ್ಲಿಟ್ಟು ಬ್ಯಾಟರಿ ಸಿಕ್ಕಿಸುವಷ್ಟರಲ್ಲಿ ಇಬ್ಬನಿ ಕುಡಿದು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಹಾರಿಸಲೇ ಇಲ್ಲ. ಪಂಚೆ ಹೋಯಿತು, ಮನೆಯಲ್ಲಿ ಬೈಗುಳ ಸಿಕ್ಕಿತು.

ಆಮೇಲೆ ತಲೆಗೆ ಹೊಳೆದದ್ದು ಬಹಳ ಸರಳ. ನಿಜವಾದ ವಿಮಾನದಲ್ಲಿ ಬಟ್ಟೆಯನ್ನು ಅಂಟಿಸಿರುವುದಿಲ್ಲ. ಹೊಲಿದ ಗೌಸನ್ನು ಕೊಳವೆಗೆ ತೊಡಿಸಿ, ಬಾಗಿಸಿದ ಕಡ್ಡಿಗಳನ್ನು ಜೇಬಿನೊಳಗೆ ತೂರಿಸಿರುತ್ತಾರೆ. ನಾನೂ ಹಾಗೇ ಮಾಡಿದೆ, ಆದರೆ ಒಂದೇ ಪದರದಲ್ಲಿ. ಈ ಅಳತೆಗೆ ದಪ್ಪ ರೆಕ್ಕೆಗಿಂತ ತೆಳ್ಳಗೆ ಬಾಗಿದ ಒಂದೇ ಪದರ ಚೆನ್ನಾಗಿ ಎತ್ತುತ್ತದೆ, ತೂಕವೂ ಕಮ್ಮಿ. ಮುಂದೆ 4 ಮಿಮೀ ಕಾರ್ಬನ್ ಕೊಳವೆ, ಹಿಂದೆ 3 ಮಿಮೀ, ನಡುವೆ ರೆಕ್ಕೆಗೆ ಏಳರಂತೆ ಬಿದಿರು ಕಡ್ಡಿ. ಬೆಳ್ಳಿ ಲೇಪದ ಕೊಡೆ ಬಟ್ಟೆ ತರಬೇಡಿ, ಭಾರ.

ಹೊಲಿಗೆಗೆ ನಮ್ಮ ಬೀದಿಯ ಟೈಲರ್ ಹತ್ತಿರ ಹೋದೆ. ಬಟ್ಟೆ ತಿರುಗಿಸಿ ಮುರುಗಿಸಿ ನೋಡಿದರು. "ಏನ್ ಸಾರ್ ಇದು, ಹದಿನಾಲ್ಕು ಜೇಬು? ಯಾರು ಹಾಕ್ಕೊಳ್ಳೋದು?" ವಿಮಾನ ಅಂದೆ. ನಂಬಲಿಲ್ಲ, ಆದರೂ 150 ರೂಪಾಯಿಗೆ ಹೊಲಿದುಕೊಟ್ಟರು.

ಕಡ್ಡಿಗಳದ್ದೇ ಗುಟ್ಟು. ಎಡಕ್ಕೂ ಬಲಕ್ಕೂ ಒಂದೇ ಬಿದಿರಿನ ಒಂದೇ ಗೆಣ್ಣಿನಿಂದ ಸೀಳಿದ ಜೋಡಿ ಬೇಕು. ಬೇರೆ ಬೇರೆ ಬಿದಿರಾದರೆ ಮೇಣದಬತ್ತಿ ಮೇಲೆ ಬಾಗಿಸಿದಾಗ ಒಂದೇ ಥರ ಕಂಡರೂ ಗಾಳಿಯಲ್ಲಿ ಒಂದು ಜಾಸ್ತಿ ಬಗ್ಗುತ್ತದೆ. ಇದನ್ನು ತಿಳಿಯಲು ನನಗೆ ಮೂರು ಸಲ ನೆಲ ಕಚ್ಚಬೇಕಾಯಿತು. ಹಿಂದಿನ ಅಂಚನ್ನು ನಾನು ಬಿಗಿ ಮಾಡಿರುವ ರೀತಿ ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಒಂದು ಬಟನ್, ಒಂದು ರಬ್ಬರ್ ಬ್ಯಾಂಡ್, ಅಷ್ಟು ಸಾಕು ನಿಮಗೆ.

ಇಷ್ಟಾದರೂ ಥ್ರಾಟಲ್ ಕೊಟ್ಟರೆ ಮೂಗು ಕೆಳಗೆ. ಹೈ ವಿಂಗ್, ಅಂದರೆ ರೆಕ್ಕೆ ಮೇಲಿರುವ ವಿಮಾನ ಕಂಡರೆ ಕಣ್ಣು ಮುಚ್ಚಿ ಡೌನ್‌ಥ್ರಸ್ಟ್ ಕೊಡುವ, ಮೋಟಾರನ್ನು ಕೆಳಮುಖವಾಗಿ ಓರೆ ಮಾಡುವ ಚಾಳಿ ನಮಗೆಲ್ಲ ಇದೆ, ಅಲ್ವಾ? ನಾನೂ ಮೂರು ಡಿಗ್ರಿ ಕೊಟ್ಟಿದ್ದೆ. ಆದರೆ ಇದರ ಮೋಟಾರ್ ರೆಕ್ಕೆಯ ಎತ್ತರದಲ್ಲಿದೆ, ಬ್ಯಾಟರಿ ಕೆಳಗೆ ತೊಟ್ಟಿಲಲ್ಲಿ. ಎಳೆತ ಸಿ.ಜಿ.ಗಿಂತ (ಗುರುತ್ವ ಕೇಂದ್ರ) ಮೇಲೆ, ಹಾಗಾಗಿ ಮೂಗನ್ನು ತಾನೇ ಒತ್ತುತ್ತದೆ. ಕೆಳಗಿನ ಎರಡು ಸ್ಕ್ರೂಗಳ ಹಿಂದೆ ಒಂದೊಂದು ವಾಷರ್ ಇಟ್ಟು ಮೋಟಾರನ್ನು ಮೇಲಕ್ಕೆ ತಿರುಗಿಸಿದೆ. "ಉಲ್ಟಾ ಹಾಕಿದ್ದೀಯಲ್ಲೋ" ಅಂತ ನಕ್ಕರು. ನಗಲಿ. ಉಳಿದದ್ದನ್ನು ನನ್ನ ರಿಮೋಟ್ ಫ್ಲೈಸ್ಕೈ ಐ6ನ ಮಿಕ್ಸ್‌ನಲ್ಲಿ, ಥ್ರಾಟಲ್ ಜೊತೆಗೆ ಚೂರು ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಸೇರಿಸಿ ಸರಿಮಾಡಿದೆ. ಸಿ.ಜಿ. ಮುಂದಂಚಿನಿಂದ 45 ಮಿಮೀ ಹತ್ತಿರ.

ಮೋಟಾರ್ ಎಲ್ಲರ ಬಳಿ ಇರುವ ಎ2212, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು). 9 ಇಂಚಿನ ಪ್ರೊಪೆಲರ್, ಮೂರು ಸೆಲ್‌ನ (3ಎಸ್) 850 ಎಂಎಎಚ್ ಬ್ಯಾಟರಿ. ಅಡುಗೆಮನೆ ತಕ್ಕಡಿಯಲ್ಲಿ ಎಳೆತ ಅರ್ಧ ಕೆಜಿಗೂ ಸ್ವಲ್ಪ ಜಾಸ್ತಿ ಬಂತು. ಎಲ್ಲ ಸೇರಿ 390 ಗ್ರಾಂ. ಪೈಲಟ್ ಸೀಟಿಗೆ ಮೊದಲು ಚನ್ನಪಟ್ಟಣದ ಗೊಂಬೆ ಕೂರಿಸಿದ್ದೆ. ಅದೊಂದೇ 38 ಗ್ರಾಂ! ಇಳಿಸಿ, ಥರ್ಮಾಕೋಲ್ ಉಂಡೆಗೆ ಮೀಸೆ ಬರೆದು ಕೂರಿಸಿದೆ.

ಖರ್ಚು? ರೇಡಿಯೋ ಬಿಟ್ಟು ಈಗಿನ ವಿಮಾನಕ್ಕೆ 3,500 ಇರಬಹುದು. ಒಡೆದದ್ದು, ಸುಟ್ಟದ್ದು, ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡಾಡಿದ ಪೆಟ್ರೋಲ್ ಎಲ್ಲ ಸೇರಿಸಿದರೆ 11,000 ದಾಟುತ್ತದೆ. ಮನೆಯಲ್ಲಿ ಹೇಳಿರುವ ಲೆಕ್ಕ ಮೊದಲನೆಯದು.

ಜಕ್ಕೂರು, ಯಲಹಂಕದ ಸುತ್ತ ಹಾರಿಸುವ ಮಾತೇ ಇಲ್ಲ, ಎರಡು ಕಡೆಯೂ ನಿಜವಾದ ವಿಮಾನಗಳಿವೆ. ದೊಡ್ಡಬಳ್ಳಾಪುರ ದಾಟಿ ಒಂದು ಒಣಗಿದ ಕೆರೆಗೆ ಹೋಗುತ್ತೇವೆ. ಫೆಬ್ರವರಿಯ ಆ ಮೊದಲ ಹಾರಾಟದ ಭಾನುವಾರ ಅರ್ಧ ಥ್ರಾಟಲ್‌ನಲ್ಲಿ ನೆಲದ ಮೇಲೆ ಓಡಿಸಿದೆ. ಬಟ್ಟೆ ಪಟಪಟ ಅಂತ ಬಡಿದುಕೊಳ್ಳುತ್ತಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸದ್ದು ಥಟ್ಟನೆ ನಿಂತಿತು, ರೆಕ್ಕೆ ಬಿಗಿದುಕೊಂಡಿತ್ತು. ಕೆಳಗೆ ನೋಡಿದರೆ ಚಕ್ರದ ನೆರಳು ಚಕ್ರದಿಂದ ಬಿಟ್ಟುಹೋಗಿತ್ತು. ಆರು ನಿಮಿಷ ಸುತ್ತಿಸಿದೆ. ಸೈಕಲ್ ತುಳಿದುಕೊಂಡು ಜೊತೆಗೆ ಹೋಗಬಹುದು, ಅಷ್ಟು ನಿಧಾನ.

ಗಾಳಿಪಟ ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿ ಟೈಲರ್ ಅಂಗಡಿ ಎಲ್ಲಿ ಅಂತ ಕೇಳಿದ. ಹೇಳಿದೆ. ಬಟನ್ ವಿಷಯ ಹೇಳಲಿಲ್ಲ.