ಕಾಫಿ ಸಸಿಯನ್ನು ತ್ರೀಡಿಯಲ್ಲಿ ಹಿಡಿಯುವುದು ಹೇಗೆ?

ನರ್ಸರಿಯಲ್ಲಿ ಸಸಿ ಎಷ್ಟು ಬೆಳೆದಿದೆ ಎಂದು ನೋಡಲು ನಾವು ಸ್ಕೇಲು ಹಿಡಿಯುತ್ತೇವೆ. ಎತ್ತರ ಸಿಗುತ್ತದೆ. ಎಲೆ ಎಷ್ಟು ಓರೆಯಾಗಿ ನಿಂತಿದೆ, ಮೇಲಿನ ಜೋಡಿ ಕೆಳಗಿನ ಜೋಡಿಗೆ ಎಷ್ಟು ನೆರಳು ಮಾಡುತ್ತಿದೆ ಎನ್ನುವುದು ಸಿಗುವುದಿಲ್ಲ. ಅದಕ್ಕೆ ಸಸಿಯ ಪೂರ್ತಿ ಆಕಾರವೇ ಕಂಪ್ಯೂಟರಿಗೆ ಬರಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 2017ರಲ್ಲಿ ಉದ್ಘಾಟನೆಯಾದ, ಗಿಡಗಳ ಬೆಳವಣಿಗೆ ಅಳೆಯುವ ನಾನಾಜಿ ದೇಶಮುಖ್ ಕೇಂದ್ರದಲ್ಲಿ ಕುಂಡಗಳು ತಾವಾಗಿಯೇ ಸಾಗಿ ಕ್ಯಾಮೆರಾ ಮುಂದೆ ಬರುತ್ತವೆ. ಅದರ ಪುಟ್ಟ ರೂಪವನ್ನು ಕೊಡಗಿನ ಮನೆಯ ಜಗಲಿಯಲ್ಲೇ ಮಾಡಬಹುದು. ಸಸಿಯನ್ನು ತಿರುಗಿಸುತ್ತಾ ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆದರೆ, ಅವನ್ನು ಜೋಡಿಸಿ ತ್ರೀಡಿ ಮಾದರಿ ಮಾಡುವ ಸಾಫ್ಟ್‌ವೇರ್ ಇದೆ.

ಆಗಷ್ಟೇ ಮೊಳೆತು ಮೇಲೆದ್ದ, ಅಂದರೆ ಟೋಪಿ ಹಂತದ ಸಸಿ ತೀರಾ ಚಿಕ್ಕದು. ಐದಾರು ಜೋಡಿ ಎಲೆ ಬಿಟ್ಟ ಸಸಿ ತೆಗೆದುಕೊಳ್ಳಿ. ತಿರುಗುವ ಸ್ಟೂಲಿನ ಮೇಲೆ ಹಳೇ ಪೇಪರ್ ಹಾಸಿ ಅಂಟಿಸಿ, ನಡುವೆ ಸಸಿಯ ಚೀಲ ಇಡಿ. ಪೇಪರ್ ಯಾಕೆ? ಒಂದೇ ಜಾಗವನ್ನು ಹಲವು ಫೋಟೊಗಳಲ್ಲಿ ಗುರುತಿಸಿ, ಪ್ರತಿ ಫೋಟೊ ಎಲ್ಲಿಂದ ತೆಗೆದದ್ದು ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಹಸಿರು ಎಲೆಗಳೆಲ್ಲ ಒಂದೇ ಥರ ಕಾಣುತ್ತವೆ, ಅಲ್ವಾ? ಅಚ್ಚಾದ ಅಕ್ಷರ ಹಾಗಲ್ಲ, ಸುಲಭವಾಗಿ ಸಿಕ್ಕಿಬೀಳುತ್ತದೆ. ಪೇಪರಿನ ಮೇಲೆ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಎರಡು ಗುರುತನ್ನೂ ಹಾಕಿಡಿ.

ಹಿಂದೆ ಸಾದಾ ಕಪ್ಪು ಬಟ್ಟೆ ಇಳಿಬಿಡಿ. ಇದನ್ನು ಬಿಡಲೇಬೇಡಿ. ಸಸಿ ತಿರುಗುತ್ತದೆ, ಗೋಡೆ ತಿರುಗುವುದಿಲ್ಲ. ಗೋಡೆಯ ಕ್ಯಾಲೆಂಡರ್ ಚಿತ್ರದಲ್ಲಿ ಬಂದರೆ ಸಾಫ್ಟ್‌ವೇರ್ ಅದನ್ನೇ ಹಿಡಿದುಕೊಂಡು ದಾರಿ ತಪ್ಪುತ್ತದೆ. ಬೆಳಕೂ ಮೆತ್ತಗಿರಬೇಕು. ಕಾಫಿ ಎಲೆಗೆ ಹೊಳಪು ಜಾಸ್ತಿ. ಸಸಿ ತಿರುಗಿದಂತೆ ಆ ಹೊಳಪು ಎಲೆಯ ಮೇಲೆ ಜಾಗ ಬದಲಿಸುತ್ತದೆ. ಕಿಟಕಿಗೆ ಬಿಳಿ ಪಂಚೆ ಕಟ್ಟಿದರೆ ಸರಿಹೋಗುತ್ತದೆ. ನಮ್ಮ ಮಳೆಗಾಲದ ಮೋಡದ ಬೆಳಕಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಫೋನನ್ನು ಸ್ಟ್ಯಾಂಡಿಗೆ ಹಾಕಿ, ಫೋಕಸ್ ಮತ್ತು ಬೆಳಕಿನ ಮಟ್ಟ ಲಾಕ್ ಮಾಡಿ. ಪೋರ್ಟ್ರೇಟ್ ಮೋಡ್ ಬೇಡ, ಜೂಮ್ ಬೇಡ. ಸ್ಟೂಲನ್ನು 10 ಡಿಗ್ರಿ ತಿರುಗಿಸಿ, ಎಲೆಯ ಅಲುಗಾಟ ನಿಲ್ಲುವವರೆಗೆ ಕಾದು, ಒಂದು ಫೋಟೊ. ಒಂದು ಸುತ್ತಿಗೆ 36. ಮೇಲಿನಿಂದ, ನಡುವಿನಿಂದ, ಎಲೆಯ ಅಡಿಭಾಗ ಕಾಣುವಂತೆ ಕೆಳಗಿನಿಂದ ಹೀಗೆ ಮೂರು ಸುತ್ತು, ಒಟ್ಟು 108. ನಿಂತು ನಿಂತು ತಿರುಗುವ ಮೋಟಾರ್ ತಟ್ಟೆಗೆ ಫೋನಿನ ಟೈಮರ್ ಹೊಂದಿಸಿದರೆ ಕೈ ಹಾಕುವ ಕೆಲಸವೂ ಇಲ್ಲ.

ಮೊದಲ ಸಲ ನಾನು ಬಾಡಿದ್ದ ಸಸಿಗೆ ನೀರು ಹಾಕಿ ಕೂಡಲೇ ಶುರು ಮಾಡಿದ್ದೆ. ಮೂರನೇ ಸುತ್ತಿನ ಹೊತ್ತಿಗೆ ಎಲೆಗಳು ಮೇಲೆದ್ದಿದ್ದವು. ತ್ರೀಡಿ ಮಾದರಿಯಲ್ಲಿ ಒಂದೊಂದು ಎಲೆಯೂ ಎರಡೆರಡಾಗಿ ಬಂತು, ಇಡೀ ದಿನದ ಕೆಲಸ ಹೋಯಿತು. ನೀರನ್ನು ಹಿಂದಿನ ಸಂಜೆಯೇ ಹಾಕಿ.

ಇನ್ನು ಕಂಪ್ಯೂಟರ್. ಫೋಟೊಗಳಿಂದ ಮಾದರಿ ಕಟ್ಟುವ ಮೆಶ್‌ರೂಮ್ ಎಂಬ ಸಾಫ್ಟ್‌ವೇರ್ ಉಚಿತ. ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಫೋಟೊಗಳನ್ನು ಎಳೆದು ಹಾಕಿ ಸ್ಟಾರ್ಟ್ ಒತ್ತಿ. ಗಂಟೆಗಟ್ಟಲೆ ಹಿಡಿಯಬಹುದು. ಬಂದದ್ದನ್ನು ಕ್ಲೌಡ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಫೋಟೊಗಳಿಂದ ಆಕಾರ ಬರುತ್ತದೆ, ಅಳತೆ ಬರುವುದಿಲ್ಲ. ಅದಕ್ಕೇ ಆ ಎರಡು ಗುರುತು. ಅವುಗಳ ನಡುವಿನ ದೂರ ಪರದೆಯಲ್ಲಿ 2 ಎಂದು ಬಂದರೆ, ಇಡೀ ಮಾದರಿಯನ್ನು 5ರಿಂದ ಗುಣಿಸಿ. ಆಗ ಎಲ್ಲ ಅಳತೆಯೂ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಆಮೇಲೆ ಸ್ಟೂಲು, ಪೇಪರ್ ಕತ್ತರಿಸಿ ತೆಗೆಯಿರಿ.

ತೋಟದ ಗಿಡವನ್ನು ತಿರುಗಿಸಲು ಆಗುವುದಿಲ್ಲ, ನಾವೇ ಸುತ್ತು ಹಾಕಬೇಕು. ಆಗ ಕಪ್ಪು ಬಟ್ಟೆ ಬೇಡ. ಹಿಂದಿನ ಸಿಲ್ವರ್ ಮರ, ಮೆಣಸಿನ ಬಳ್ಳಿ ಗುರುತಿಗೆ ಸಹಾಯವೇ ಮಾಡುತ್ತವೆ. ಗಾಳಿ ಏಳುವ ಮೊದಲು, ಬೆಳಿಗ್ಗೆ ಬೇಗ ಹೋಗಿ. ಕಸಿ ಮಾಡುವ, ಅಂದರೆ ಬೇಡದ ರೆಂಬೆ ಕತ್ತರಿಸುವ ಮೊದಲು ಒಮ್ಮೆ, ಕಾಂಡದಿಂದ ನೇರ ಮೇಲೇಳುವ ಕಂಬಚಿಗುರು ತೆಗೆದ ಮೇಲೆ ಇನ್ನೊಮ್ಮೆ ಫೋಟೊ ತೆಗೆದು, ಎರಡು ಮಾದರಿಗಳನ್ನೂ ಒಂದರ ಮೇಲೊಂದು ಕೂರಿಸಿ ನೋಡಿ. ಗಿಡದ ಒಳಗೆ ಯಾವ ರೆಕ್ಕೆಯ (ಅಡ್ಡ ರೆಂಬೆಯ) ಮೇಲೆ ಜಾಗ ಬಿಚ್ಚಿಕೊಂಡಿದೆ, ಎಲ್ಲಿ ಇನ್ನೂ ಒತ್ತಾಗಿದೆ ಎಂದು ಕತ್ತರಿ ಹಿಡಿದವರಿಗೇ ತೋರಿಸಬಹುದು.